ದಂಡು ಪ್ರದೇಶದ ಹುಬ್ಬುಪಾಠಗಳು: ಒಂದು ಗ್ರಂಥಸಂಪಾದನಾತ್ಮಕ ವಿವೇಚನೆ

ಪೀಠಿಕೆ

ಕನ್ನಡದಲ್ಲಿ ಶಾಸನಗಳ ಅಧ್ಯಯನವಾಗಿದೆ, ವೀರಗಲ್ಲುಗಳ ಅಧ್ಯಯನವಾಗಿದೆ, ಓಲೆಗರಿಗಳನ್ನು ತಿಂದ ಹುಳುಗಳ ಬಗ್ಗೆಯೂ ಯಾರಾದರೊಬ್ಬರು ಪಿಎಚ್.ಡಿ. ಮಾಡಿಯೇ ಇರುತ್ತಾರೆ. ಆದರೆ ಬೆಂಗಳೂರು ದಂಡಿನಿಂದ ಕೃಷ್ಣರಾಜಪುರದ ತೂಗುಸೇತುವೆಯವರೆಗೆ ದಿನಬೆಳಗಾದರೆ ಓಡಾಡುತ್ತಿರುವ, ಎಲ್ಲರ ಕಣ್ಣಿಗೂ ಬೀಳುವ, ನಿಖರವಾಗಿ ಹೇಳಬೇಕೆಂದರೆ ಕಣ್ಣಿನ ಒಂದಂಗುಲ ಮೇಲೇ ಇರುವ ಬೃಹತ್ ಲಿಖಿತ ಸಾಮಗ್ರಿಯೊಂದನ್ನು ವಿದ್ವಾಂಸರು ಈವರೆಗೆ ಮುಟ್ಟಿಲ್ಲ. ಮೊದಲ ಎರಡು ವಾರ ಅದನ್ನು ಯಾರೂ ಮುಟ್ಟಬಾರದು ಎಂಬ ನಿಯಮವೇ ಇದೆ, ನಿಜ. ಆದರೆ ವಿದ್ವಾಂಸರ ಉದಾಸೀನಕ್ಕೆ ಅದು ಕಾರಣವಲ್ಲ. ಹುಬ್ಬನ್ನು ಅವರು ಪಠ್ಯವೆಂದೇ ಒಪ್ಪಿಲ್ಲ.

ಒಪ್ಪಲೇಬೇಕಾದ ಕಾಲ ಬಂದಿದೆ. ಮೈಕ್ರೋಬ್ಲೇಡಿಂಗ್ ಎಂಬ ಕ್ರಿಯೆಯನ್ನು ಬಲ್ಲವರು ಗಮನಿಸಲಿ: ಹಿಡಿಗೆ ಸಿಕ್ಕಿಸಿದ ಸೂಕ್ಷ್ಮ ಸೂಜಿಗಳ ಸಾಲಿನಿಂದ ಚರ್ಮದ ಮೇಲೆ ಕೂದಲೆಳೆಯಂಥ ಗೀರುಗಳನ್ನು ಕೊರೆಯುತ್ತಾರೆ, ಆಮೇಲೆ ಶಾಯಿ ಬಳಿದು, ಗೀರುಗಳೊಳಗೆ ಇಳಿಯಲು ಬಿಟ್ಟು, ಮಿಕ್ಕಿದ್ದನ್ನು ಒರೆಸುತ್ತಾರೆ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಂಟದಿಂದ ಅಕ್ಷರ ಕೊರೆದು, ಮಸಿ ಸವರಿ, ಒರೆಸಿದ್ದೂ ಇದೇ ರೀತಿ. ಪಂಪನ ಪ್ರತಿಗಳು ಉಳಿದುಬಂದ ವಿಧಾನಕ್ಕೂ ಇಂದಿರಾನಗರದ ನೂರಡಿ ರಸ್ತೆಯ ಎರಡನೇ ಮಹಡಿಯಲ್ಲಿ ನಡೆಯುವ ವಿಧಾನಕ್ಕೂ ತಾಂತ್ರಿಕವಾಗಿ ಭೇದವಿಲ್ಲ. ಇರುವ ಭೇದ ಒಂದೇ: ತಾಳೆಗರಿ ಕನ್ನಡಿ ನೋಡಿಕೊಂಡು ಅಳುವುದಿಲ್ಲ.

ಆದ್ದರಿಂದ ಕೆಟ್ಟ ಹುಬ್ಬನ್ನು ಸರಿಪಡಿಸುವುದು ಸೌಂದರ್ಯಶಾಸ್ತ್ರದ ಸಮಸ್ಯೆಯಲ್ಲ, ಗ್ರಂಥಸಂಪಾದನೆಯ ಸಮಸ್ಯೆ ಎಂಬುದು ನಮ್ಮ ಪ್ರತಿಜ್ಞೆ. ಹುಟ್ಟಿನಿಂದ ಬಂದ ಹುಬ್ಬು ಮೂಲಪ್ರತಿ. ಮೇಲೆ ಕೊರೆದದ್ದು ಪ್ರಕ್ಷಿಪ್ತ. ಅದನ್ನು ತಿದ್ದಲು ಮತ್ತೊಬ್ಬರು ಕೊರೆದದ್ದು ಪ್ರಕ್ಷಿಪ್ತದ ಮೇಲಿನ ಪ್ರಕ್ಷಿಪ್ತ. ಮೂರನೆಯವರು ಕೊರೆಯಲು ಕುಳಿತಾಗ ಸಂಪಾದಕ ಎದ್ದು ನಿಲ್ಲಲೇಬೇಕು.

ಕ್ಷೇತ್ರಕಾರ್ಯದ ಬಗ್ಗೆ ಒಂದು ಮಾತು. ನಮ್ಮ ಮೆಟ್ರೊದ ನೇರಳೆ ಮಾರ್ಗ ಹುಟ್ಟಿದ್ದೇ ಈ ಸೀಮೆಯಲ್ಲಿ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ರೈಲು ಈಗ ಕೆ.ಆರ್. ಪುರವನ್ನೂ ದಾಟಿ ವೈಟ್‌ಫೀಲ್ಡ್ ಮುಟ್ಟುತ್ತದೆ. ಎದುರುಬದುರು ಕೂರುವ ಆಸನಗಳು ಹುಬ್ಬುಪಾಠದ ವಾಚನಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಪರಸ್ತ್ರೀಯರ ಮುಖವನ್ನು ದಿಟ್ಟಿಸುವುದು ಸಂಶೋಧನೆಯ ಹೆಸರಿನಲ್ಲೂ ಸಭ್ಯತೆಯಲ್ಲ. ಹಾಗಾಗಿ ನಮ್ಮ ಸಾಮಗ್ರಿ ಬಹುಪಾಲು ಮನೆಯದೇ: ಅತ್ತಿಗೆಯರು, ಚಿಕ್ಕಮ್ಮನ ಮಕ್ಕಳು, ಅವರ ಗೆಳತಿಯರು, ಆ ಗೆಳತಿಯರೊಬ್ಬರ ಗಂಡ. ಹೌದು, ಗಂಡಸರೂ ಮಾಡಿಸುತ್ತಾರೆ. ಕೇಳಿದರೆ ಹುಬ್ಬು ಮೊದಲಿನಿಂದಲೂ ಹೀಗೇ ಇತ್ತು ಎನ್ನುತ್ತಾರೆ.

ಅರೆಶಾಶ್ವತವಾದ

ಈ ವಿದ್ಯೆಯವರು ತಮ್ಮ ಕೆಲಸವನ್ನು ‘ಸೆಮಿ ಪರ್ಮನೆಂಟ್’ ಎನ್ನುತ್ತಾರೆ. ನಮ್ಮ ಆರು ದರ್ಶನಗಳಲ್ಲಿ ಯಾವುದೂ ಇಂಥದೊಂದು ಪದಾರ್ಥವನ್ನು ಊಹಿಸಿರಲಿಲ್ಲ. ಆತ್ಮ ನಿತ್ಯ, ಮಡಕೆ ಅನಿತ್ಯ ಎಂದು ಎರಡೇ ಮಾತಿನಲ್ಲಿ ತಾರ್ಕಿಕರು ಎದ್ದುಹೋಗಿದ್ದರು. ಅರೆನಿತ್ಯವಾದ ವಸ್ತು ಯಾವುದೆಂದು ಕೇಳಿದ್ದರೆ ಗದಾಧರ ಭಟ್ಟಾಚಾರ್ಯರೂ ತಲೆ ಕೆರೆದುಕೊಳ್ಳುತ್ತಿದ್ದರು, ಹುಬ್ಬನ್ನೂ ಕೆರೆದುಕೊಳ್ಳುತ್ತಿದ್ದರು. (ಹುಬ್ಬು ಕೆರೆದುಕೊಳ್ಳಬಾರದು. ಚಕ್ಕೆ ಏಳುವ ಕಾಲದಲ್ಲಂತೂ ಸರ್ವಥಾ ಕೂಡದು.)

ಬಣ್ಣ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ನಿಲ್ಲುತ್ತದೆ ಎಂಬುದು ಲೋಕರೂಢಿ. ನಮಗೆ ಕಂಡ ವ್ಯಾಪ್ತಿ ಬೇರೆ: ಚೆನ್ನಾಗಿ ಬಂದಿದ್ದರೆ ಬೇಗ ಹೋಗುತ್ತದೆ, ಕೆಟ್ಟು ಬಂದಿದ್ದರೆ ನಿಂತುಬಿಡುತ್ತದೆ. ಇದರ ಹಿಂದೆ ವಿಧಿಯ ಆಟವೇನಿಲ್ಲ, ಕಾರಣ ಮುಂದೆ ಬರುತ್ತದೆ. ಅಂಗಡಿಯವರ ಪ್ರಮಾಣಶಾಸ್ತ್ರ ಇನ್ನೂ ನಾಜೂಕಾದುದು. ಹಣ ಕೊಡುವ ಮುಂಚೆ ಹುಬ್ಬು ನಿತ್ಯ: ‘ಇನ್ಮೇಲೆ ಪೆನ್ಸಿಲ್ಲೇ ಬೇಡ ಮೇಡಂ, ಮಲಗಿ ಎದ್ದರೂ ರೆಡಿ.’ ಕೆಟ್ಟಿದೆಯೆಂದು ವಾಪಸ್ ಹೋದಾಗ ಅದೇ ಹುಬ್ಬು ಕ್ಷಣಿಕ: ‘ಎಲ್ಲ ಫೇಡ್ ಆಗಿಹೋಗತ್ತೆ ಮೇಡಂ, ಯಾಕೆ ತಲೆ ಕೆಡಿಸ್ಕೋತೀರ?’ ಬೌದ್ಧರ ಕ್ಷಣಭಂಗವಾದಕ್ಕೆ ಇಷ್ಟು ಲಾಭದಾಯಕ ಉಪಯೋಗ ನಾಗಾರ್ಜುನನಿಗೂ ಹೊಳೆದಿರಲಿಲ್ಲ.

ಪೂರ್ವಸೂರಿಗಳು

ಭರತನ ನಾಟ್ಯಶಾಸ್ತ್ರ ಉಪಾಂಗಾಭಿನಯದಲ್ಲಿ ಹುಬ್ಬಿಗೆ ಏಳು ಕರ್ಮಗಳನ್ನು ಹೇಳುತ್ತದೆ: ಉತ್ಕ್ಷೇಪ, ಪಾತನ, ಭ್ರುಕುಟಿ, ಚತುರ, ಕುಂಚಿತ, ರೇಚಿತ, ಸಹಜ. ಮೇಲೆತ್ತುವುದು, ಇಳಿಸುವುದು, ಗಂಟಿಕ್ಕುವುದು, ಒಂದನ್ನೇ ಲಲಿತವಾಗಿ ಏರಿಸುವುದು, ಹೀಗೆ. ವಿಸ್ಮಯಕ್ಕೆ ಎರಡೂ ಹುಬ್ಬು ಮೇಲೆ. ಆದರೆ ಭರತನಿಗೆ ಕರ್ಮ ಎಂದರೆ ಬಂದು ಹೋಗುವಂಥದು. ವಿಸ್ಮಯ ಮುಗಿದ ಮೇಲೆ ಹುಬ್ಬು ಕೆಳಗಿಳಿಯುತ್ತದೆ ಎಂದು ನಂಬಿದ್ದ ಪುಣ್ಯಾತ್ಮ. ಕಮಾನನ್ನು ಅಳತೆಗಿಂತ ಮೇಲೆ ಕೊರೆದಾಗ ಹುಟ್ಟುವ ಎಂಟನೆಯ ಕರ್ಮವನ್ನು ನಾವು ‘ನಿತ್ಯೋತ್ಕ್ಷೇಪ’ವೆಂದು ಕರೆಯಲು ಅನುಮತಿ ಬೇಡುತ್ತೇವೆ. ಇದರ ವಿಭಾವಾನುಭಾವಗಳಿಗೆ ಉದಾಹರಣೆ: ಹಲಸೂರಿನ ನಮ್ಮ ಅತ್ತಿಗೆಯೊಬ್ಬರು ಆಟೊ ಹತ್ತಿ ಕೂತರೆ, ಚಾಲಕ ಹಿಂದಕ್ಕೆ ತಿರುಗಿ, ‘ಯಾಕಮ್ಮ, ಮೀಟರ್ ಮೇಲೆ ಐವತ್ತು ಕೇಳಿದ್ದಕ್ಕೆ ಹಂಗ್ ನೋಡ್ತೀರ, ಹೋಗ್ಲಿ ಮೂವತ್ತು ಕೊಡಿ’ ಎಂದನಂತೆ. ನಿತ್ಯೋತ್ಕ್ಷೇಪದ ಆರ್ಥಿಕ ಪ್ರಯೋಜನಗಳು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ಅದೇ ಹುಬ್ಬಿಟ್ಟುಕೊಂಡು ಅವರು ತಮ್ಮ ಕಚೇರಿಯ ಮೀಟಿಂಗಿನಲ್ಲಿ ಕೂತಾಗ, ಮ್ಯಾನೇಜರು ಪ್ರತಿ ವಾಕ್ಯಕ್ಕೂ ನಿಲ್ಲಿಸಿ, ‘ಏನಾದ್ರೂ ಡೌಟ್ ಇದ್ಯಾ?’ ಎಂದು ಕೇಳತೊಡಗಿದ್ದು ನಷ್ಟದ ಬಾಬ್ತು.

ಆಕಾರದ ವಿಷಯದಲ್ಲಿ ಅವನೀಂದ್ರನಾಥ ಟಾಗೋರರು 1914ರಲ್ಲಿ ಭಾರತೀಯ ಶಿಲ್ಪದ ಅಂಗಲಕ್ಷಣಗಳ ಬಗ್ಗೆ ಬರೆಯುತ್ತ, ಹುಬ್ಬಿಗೆ ಬೇವಿನೆಲೆ ಮತ್ತು ಬಿಲ್ಲು ಎಂಬ ಎರಡು ಮಾದರಿಗಳನ್ನು ಚಿತ್ರಸಹಿತ ವಿವರಿಸಿದರು. ದಂಡು ಪ್ರದೇಶದ ಪ್ರತಿಗಳನ್ನು ಈ ಅಳತೆಗೋಲಿನಿಂದ ನೋಡಿದರೆ ಎಡಹುಬ್ಬು ಬೇವು, ಬಲಹುಬ್ಬು ಬಿಲ್ಲು ಎಂಬ ಮಿಶ್ರಮಾದರಿಯೇ ಹೆಚ್ಚು. ಬೆಲ್ಲವನ್ನು ಗಿರಾಕಿ ತಾನೇ ತಂದುಕೊಳ್ಳಬೇಕು.

ಕೊರೆದು ಶಾಯಿ ತುಂಬುವ ವಿದ್ಯೆ ನಮಗೆ ಕೊರಿಯಾದಿಂದ ಬಂತೆಂದು ಪಾರ್ಲರಿನ ಗೋಡೆಗಳು ಸಾರುತ್ತವೆ. ಕೊರಿಯಾಕ್ಕೂ ಮೊದಲು ಇಲ್ಲಿ ಕೊರವಂಜಿ ಇದ್ದಳು. ಬುಟ್ಟಿ ಹೊತ್ತು ಕಣಿ ಹೇಳುತ್ತ ಬಂದು, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ, ಕೈಗೂ ಹಣೆಗೂ ಹಚ್ಚೆ ಹುಯ್ಯುತ್ತಿದ್ದಳು. 1909ರಲ್ಲಿ ಏಳು ಸಂಪುಟಗಳಾಗಿ ಬಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಥರ್ಸ್ಟನ್ನನೂ ರಂಗಾಚಾರಿಯವರೂ ಕೊರವರ ಈ ಕಸುಬನ್ನು ದಾಖಲಿಸಿದ್ದಾರೆ. ಅವಳ ವ್ಯಾಪಾರಧರ್ಮದಲ್ಲಿ ಒಂದು ನೇರವಂತಿಕೆಯಿತ್ತು. ಹಚ್ಚೆ ಸತ್ತಮೇಲೂ ಜೊತೆಗೆ ಬರುತ್ತದೆ ಎಂದು ಮೊದಲೇ ಹೇಳಿಬಿಡುತ್ತಿದ್ದಳು. ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ ಎನ್ನುತ್ತಿರಲಿಲ್ಲ. ವೈದ್ಯರು ಈ ಕಡೆ ಬಂದದ್ದು ಬಹಳ ತಡವಾಗಿ: ಅಮೆರಿಕದ ನೇತ್ರವೈದ್ಯ ಜಿಯೋರಾ ಆಂಗ್ರೆಸ್ ರೆಪ್ಪೆಯ ಅಂಚಿಗೆ ಕಾಡಿಗೆಯಂತೆ ಶಾಯಿ ಊರುವ ವಿಧಾನವನ್ನು ಪ್ರಕಟಿಸಿದ್ದು 1984ರಲ್ಲಿ.

ಇಲ್ಲಿ ನಗೆ ಪಕ್ಕಕ್ಕಿಟ್ಟು ಹೇಳಬೇಕಾದ ಮಾತೊಂದಿದೆ. ಈ ವಿದ್ಯೆ ಹುಡುಗಾಟವೇನಲ್ಲ. ಅಲೋಪೀಶಿಯಾದಿಂದ ಹುಬ್ಬು ಉದುರಿದವರು, ಕೀಮೋಥೆರಪಿಯಲ್ಲಿ ಕಳೆದುಕೊಂಡವರು, ಕುಷ್ಠ ವಾಸಿಯಾದರೂ ಬೋಳಾದ ಹುಬ್ಬು ಹೊತ್ತು ಸಮಾಜದ ಕಣ್ಣಿಗೆ ಅಳುಕಿದವರು, ಇವರಿಗೆಲ್ಲ ಎರಡು ಗೆರೆ ಎಂದರೆ ಮುಖವೇ ಮರಳಿ ಬಂದಂತೆ. ಮತ್ತೊಂದೂ ಇದೆ: ಹುಬ್ಬಿನ ಹೊರತುದಿ ತಾನಾಗಿ ತೆಳುವಾಗುತ್ತಿದ್ದರೆ ಅದು ಥೈರಾಯ್ಡ್ ಕೊರತೆಯ ಸೂಚನೆಯಾಗಿರಬಹುದು. ಆಗ ಮೊದಲು ಬೇಕಾದದ್ದು ರಕ್ತಪರೀಕ್ಷೆ. ಶಾಯಿ ಆಮೇಲೆ.

ಲಿಪಿಕಾರ ದೋಷ ಪ್ರಕರಣ

ಹಳಗನ್ನಡದ ಲಿಪಿಕಾರರು ಮಾಡಿದ ತಪ್ಪುಗಳನ್ನು ನಮ್ಮ ಸಂಪಾದಕರು ಸ್ಖಾಲಿತ್ಯ, ಲೋಪ, ಪುನರುಕ್ತಿ ಎಂದು ವಿಂಗಡಿಸಿದರು. ಹುಬ್ಬಿನ ಲಿಪಿಕಾರರ ತಪ್ಪುಗಳ ಬೇರು ಎರಡು ಕಡೆ ಇದೆ: ಆಳದಲ್ಲಿ ಮತ್ತು ಶಾಯಿಯಲ್ಲಿ. ಮಿಕ್ಕಿದ್ದೆಲ್ಲ ಕೊಂಬೆ.

ಚರ್ಮದ ಹೊರಪದರ ದಿನದಿನ ಕಳಚಿ ಹೊಸದಾಗುತ್ತಿರುತ್ತದೆ. ಶಾಯಿ ಅಲ್ಲೇ ನಿಂತರೆ ಚಕ್ಕೆಯ ಜೊತೆಗೇ ಎದ್ದುಹೋಗುತ್ತದೆ. ಇದು ಲೋಪ. ಅದರ ಕೆಳಗಿನ ಒಳಚರ್ಮದ ಮೇಲ್ಭಾಗದಲ್ಲಿ ಕೂತರೆ ಸರಿಯಾದ ಪಾಠ. ಕೈ ಭಾರವಾಗಿ ಇನ್ನೂ ಕೆಳಗಿಳಿದರೆ ಎರಡು ಅನಾಹುತ. ಗೆರೆಗಳು ಹರಡಿ ಒಂದಕ್ಕೊಂದು ಕೂಡಿಕೊಂಡು ಅಕ್ಷರಗಳೆಲ್ಲ ಮಸಿಮುದ್ದೆಯಾಗುತ್ತವೆ; ಆಳದಲ್ಲಿರುವ ಕಪ್ಪು, ಬೆಳಕು ಚದುರುವ ರೀತಿಯಿಂದಾಗಿ, ಮೇಲಿನಿಂದ ನೋಡುವವರಿಗೆ ಬೂದು ನೀಲಿಯಾಗಿ ಕಾಣುತ್ತದೆ. ನೇರಳೆ ಮಾರ್ಗದಲ್ಲಿ ಕಾಣಸಿಗುವ ನೇರಳೆ ಹುಬ್ಬುಗಳ ರಹಸ್ಯ ಇಷ್ಟೆ, ಮೆಟ್ರೊ ನಿಗಮದ ಪ್ರಾಯೋಜಕತ್ವವಲ್ಲ. ಕೆಟ್ಟದ್ದು ಹೆಚ್ಚು ಕಾಲ ನಿಲ್ಲುವುದಕ್ಕೂ ಕಾರಣ ಸಿಕ್ಕಿತಲ್ಲ: ಕೆಟ್ಟದ್ದು ಆಳದಲ್ಲಿದೆ.

ಶಾಯಿಯ ಕಥೆ ಹೀಗೆ. ಕಂದು ಬಣ್ಣ ಎಂದು ಸೀಸೆಯ ಮೇಲೆ ಬರೆದಿದ್ದರೂ ಒಳಗಿರುವುದು ಕೂಡುಕುಟುಂಬ: ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ, ಕಪ್ಪು, ಕೆಲವದರಲ್ಲಿ ಇಂಗಾಲದ ಕಪ್ಪು, ತಿಳಿಯಾಗಿಸಲು ಟೈಟಾನಿಯಂ ಡೈಆಕ್ಸೈಡಿನ ಬಿಳಿ. ಎಲ್ಲರೂ ಒಂದೇ ದಿನ ಮನೆ ಬಿಡುವುದಿಲ್ಲ. ಮಿಕ್ಕವರು ಹೋಗಿ ಕೆಂಪು ಹಟ ಹಿಡಿದು ಉಳಿದರೆ ಹುಬ್ಬು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಇಂಗಾಲ ಉಳಿದರೆ ಬೂದಿಗೆ. ಈ ಸೀಸೆಗಳೊಳಗೆ ಇನ್ನೇನೇನಿದೆ ಎಂಬ ಪ್ರಶ್ನೆಯನ್ನು ಐರೋಪ್ಯ ಒಕ್ಕೂಟ ಗಂಭೀರವಾಗಿ ತೆಗೆದುಕೊಂಡು, 2022ರ ಜನವರಿಯಿಂದ ಹಚ್ಚೆ ಮತ್ತು ಶಾಶ್ವತ ಮೇಕಪ್ಪಿನ ಶಾಯಿಗಳಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ನಮ್ಮಲ್ಲಿ 2025ರ ಫೆಬ್ರುವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಹಚ್ಚೆ ಶಾಯಿಯಲ್ಲಿ 22 ಲೋಹಗಳು ಪತ್ತೆಯಾಗಿವೆ, ನಿಯಂತ್ರಣಕ್ಕಾಗಿ ಕೇಂದ್ರಕ್ಕೆ ಬರೆಯುತ್ತೇವೆ ಎಂದರು. ಒಂದು ಹುಬ್ಬಿನಲ್ಲಿ ಇಷ್ಟು ಲೋಹ ಸಿಗುವುದಾದರೆ ಕೆ.ಜಿ.ಎಫ್. ಮುಚ್ಚಿದ್ದಕ್ಕೆ ಕೊರಗಬೇಕಾಗಿಲ್ಲ.

ಕೊಂಬೆಗಳಲ್ಲಿ ಮುಖ್ಯವಾದದ್ದು ಸಮತೆ. ಬಡಗಿ ಮರದ ಮೇಲೆ ಬಣ್ಣದ ದಾರ ಮಿಡಿದು ಗೆರೆ ಹಾಕುವಂತೆ ಇವರೂ ಶಾಯಿ ಅದ್ದಿದ ದಾರದಿಂದ ಹಣೆಯನ್ನು ಭಾಗ ಮಾಡುತ್ತಾರೆ, ಕೈವಾರದಿಂದ ಅಳೆಯುತ್ತಾರೆ. ಎಲ್ಲ ಸರಿ. ಆದರೆ ಅಳೆಯುವುದು ಗಿರಾಕಿಯನ್ನು ಮಲಗಿಸಿ! ಮಲಗಿದ ಮುಖ ಬೇರೆ, ಎದ್ದು ಕೂತ ಮುಖ ಬೇರೆ. ಹಣೆಯ ಸ್ನಾಯು ಬಹುತೇಕರಲ್ಲಿ ಒಂದು ಕಡೆ ತುಸು ಜೋರು. ಗಿರಾಕಿಯನ್ನು ಕೂರಿಸಿ, ಕಣ್ಣು ತೆರೆಸಿ, ಸ್ವಲ್ಪ ಮಾತಾಡಿಸಿ, ನಗಿಸಿ ಆಮೇಲೆ ಗುರುತು ಹಾಕುವವರು ಬಲ್ಲವರು. ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವಿದೆ, ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲವಾಗಿರುವ ಸಂಭವ ಹೆಚ್ಚು ಎಂದು. ಸರಳವಾದದ್ದು ಲಿಪಿಕಾರ ತನ್ನ ಅನುಕೂಲಕ್ಕೆ ತಿದ್ದಿದ್ದು. ಹುಬ್ಬಿಗೂ ಇದು ಅನ್ವಯಿಸುತ್ತದೆ. ಎಡಬಲ ಒಂದೇ ಅಚ್ಚಿನಂತಿದ್ದರೆ ಅದು ಕವಿಕೃತವಲ್ಲ.

ಇನ್ನು ಓಲೆಗರಿಯ ಗುಣ. ಎಣ್ಣೆ ಚರ್ಮದ ಮೇಲೆ ನವಿರು ಗೆರೆಗಳು ಮಸುಕಾಗುತ್ತವೆ, ಅಂಥವರಿಗೆ ಯಂತ್ರದಿಂದ ಚುಕ್ಕಿಚುಕ್ಕಿಯಾಗಿ ತುಂಬುವ ಪೌಡರ್ ಹುಬ್ಬೇ ಮೇಲು ಎಂದು ಬಲ್ಲವರು ಹೇಳುತ್ತಾರೆ. ಬಹಳ ಕಡೆ ಗರಿಯನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಎರಡು ಮೂರು ದಿನದ ತರಬೇತಿಯಲ್ಲಿ ರಬ್ಬರ್ ಹಾಳೆಯ ಮೇಲೆ ಗೀಚಿ ಕಲಿತವರಿಗೆ, ರಬ್ಬರಿಗೆ ಬೆವರು ಬರುವುದಿಲ್ಲವೆಂಬುದು ಮೊದಲ ಗಿರಾಕಿಯ ಮೇಲೆ ತಿಳಿಯುತ್ತದೆ.

ಪಂಥಭೇದ ಪ್ರಕರಣ

ಕೆಟ್ಟ ಹುಬ್ಬಿನ ಪರಿಷ್ಕರಣದಲ್ಲಿ ಪೂರ್ವ ಬೆಂಗಳೂರು ನಾಲ್ಕು ಪಂಥಗಳಾಗಿ ಒಡೆದಿದೆ. 1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣ ಬಿಟ್ಟು ಇಲ್ಲಿ ಬೀಡುಬಿಟ್ಟ ಮೇಲೆ ಪೇಟೆಗೊಂದು ಆಡಳಿತ, ದಂಡಿಗೊಂದು ಆಡಳಿತ ಇತ್ತು; 1949ರಲ್ಲಿ ಎರಡನ್ನೂ ಒಂದೇ ಕಾರ್ಪೊರೇಷನ್ನಿಗೆ ಸೇರಿಸಿದರು. ಹುಬ್ಬಿನ ವಿಷಯದಲ್ಲಿ ಅಂಥ ವಿಲೀನ ಇನ್ನೂ ಆಗಬೇಕಾಗಿದೆ.

ಶಿವಾಜಿನಗರ ಪಂಥದ್ದು ಮರೆಸುವ ಮಾರ್ಗ. ರಸೆಲ್ ಮಾರುಕಟ್ಟೆಯ ಸುತ್ತಮುತ್ತ, ಕಮರ್ಷಿಯಲ್ ಸ್ಟ್ರೀಟಿನ ಸಂದಿಗೊಂದಿಗಳಲ್ಲಿ, ಸುರ್ಮಾ, ಮೆಹಂದಿ, ಬಳೆ, ಕ್ಲಿಪ್ಪು ಮಾರುವ ಫ್ಯಾನ್ಸಿ ಸ್ಟೋರುಗಳವರೇ ಇದರ ಆಚಾರ್ಯರು. ‘ತೆಗೆಯೋದ್ಯಾಕಕ್ಕ, ಮೇಲೆ ಇದು ಹಚ್ಕೊಳಿ’ ಎಂದು ಕನ್ಸೀಲರ್ ಬಳಿದು, ಅದರ ಮೇಲೆ ಹುಬ್ಬಿನ ಪೆನ್ಸಿಲ್ಲಿನಿಂದ ಹೊಸ ಹುಬ್ಬು ಬರೆಯುತ್ತಾರೆ. ಪೆನ್ಸಿಲ್ ಇನ್ನು ಬೇಡವೆಂದು ಹತ್ತಾರು ಸಾವಿರ ಸುರಿದವರು ಆ ಕೆಲಸವನ್ನು ಮುಚ್ಚಿಡಲು ಮತ್ತೆ ಪೆನ್ಸಿಲ್ ಕೊಳ್ಳುವುದನ್ನು ಕಂಡು ನಕ್ಕವರಿದ್ದಾರೆ. ನಾವು ನಗುವುದಿಲ್ಲ. ಮುಟ್ಟದೆ ಮುಚ್ಚಿದ್ದರಿಂದ ಗಾಯವಿಲ್ಲ, ಸಂಜೆ ಮುಖ ತೊಳೆದರೆ ಹೋಗುತ್ತದೆ. ಚರ್ಮ ಪೂರ್ತಿ ವಾಸಿಯಾದ ಮೇಲೆ ಮಾಡಿಕೊಂಡರೆ ಈ ಪಂಥದಲ್ಲಿ ದೋಷ ಹುಡುಕುವುದು ಕಷ್ಟ.

ಹಲಸೂರು ಪಂಥ ಅಡುಗೆಮನೆಯಿಂದ ಹೊರಟದ್ದು. ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಹಳೆಯ ಮನೆಗಳ ಅಜ್ಜಿಯರು ಇದರ ಅಧ್ವರ್ಯುಗಳು. ಹುಬ್ಬು ಕೆಟ್ಟು ಬಂದ ಮೊಮ್ಮಗಳನ್ನು ಕಂಡ ಅಜ್ಜಿಯ ಮೊದಲ ಪ್ರತಿಕ್ರಿಯೆ ವ್ಯಾಖ್ಯಾನ: ‘ಹೋಗ್ಲಿ ಬಿಡೆ, ದೃಷ್ಟಿಬೊಟ್ಟು ಇಟ್ಟಂಗಾಯ್ತು.’ ಎರಡನೆಯದು ಚಿಕಿತ್ಸೆ: ಹರಳೆಣ್ಣೆ. ಹರಳೆಣ್ಣೆ ಹಚ್ಚಿದರೆ ಹುಬ್ಬು ಮೃದುವಾಗುತ್ತದೆ, ಶಾಯಿಗೆ ಏನೂ ಆಗುವುದಿಲ್ಲ. ಅಪಾಯ ಶುರುವಾಗುವುದು ಮೂರನೆಯ ಹಂತದಲ್ಲಿ, ಅಜ್ಜಿಯ ಜಾಗಕ್ಕೆ ಮೊಬೈಲು ಬಂದು, ‘ನಿಂಬೆಹಣ್ಣು ಉಪ್ಪು ತಿಕ್ಕಿ’ ಎಂದಾಗ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ನಮ್ಮ ಮೈಬಣ್ಣದವರಿಗೆ ಉರಿ ಬಂದ ಜಾಗವೆಲ್ಲ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುವ ಪ್ರವೃತ್ತಿ ಬೇರೆ. ಹುಬ್ಬು ಅಳಿಸಹೋಗಿ ಹುಬ್ಬಿನ ಸುತ್ತ ಇನ್ನೊಂದು ಹುಬ್ಬು ಬರೆದುಕೊಂಡಂತೆ. ಉಪ್ಪಿಗೆ ಶಾಸ್ತ್ರಸಮ್ಮತವಾದ ಪ್ರಯೋಗವೊಂದಿದೆ, ಆದರೆ ಅದು ಉಪ್ಪಿನಕಾಯಿಯ ಕ್ರಮದಲ್ಲಿಲ್ಲ. ಶುದ್ಧೀಕರಿಸಿದ, ಸಾಂದ್ರವಾದ ಲವಣದ್ರಾವಣವನ್ನು ಹಚ್ಚೆಯ ಯಂತ್ರದಿಂದಲೇ ಅದೇ ಜಾಗಕ್ಕೆ ಊರುತ್ತಾರೆ; ಅದು ನೀರನ್ನೂ ಜೊತೆಗೆ ಒಂದಿಷ್ಟು ಶಾಯಿಯನ್ನೂ ಮೇಲಕ್ಕೆಳೆಯುತ್ತದೆ; ಕಟ್ಟಿದ ಚಕ್ಕೆ ತಾನಾಗಿ ಬಿದ್ದಾಗ ಬಣ್ಣ ಕೊಂಚ ತಿಳಿಯಾಗಿರುತ್ತದೆ. ಒಂದೆರಡು ತಿಂಗಳ ಅಂತರ ಕೊಟ್ಟು ಹಲವು ಸಲ ಆಗಬೇಕು. ನಡುವೆ ಉಗುರು ಹಾಕಿ ಚಕ್ಕೆ ಕಿತ್ತರೆ ಕಲೆ ಉಳಿಯುತ್ತದೆ.

ಇಂದಿರಾನಗರ ಪಂಥ ಇವುಗಳಲ್ಲಿ ಅತ್ಯಂತ ಪಾಂಡಿತ್ಯಪೂರ್ಣ ಹಾಗೂ ಅತ್ಯಂತ ದುಬಾರಿ. ಇದರಲ್ಲಿ ಎರಡು ಉಪಶಾಖೆ. ಮೊದಲನೆಯದು ವರ್ಣಸಂಧಿ ಶಾಖೆ, ಅಂಗಡಿಯ ಭಾಷೆಯಲ್ಲಿ ‘ಕಲರ್ ಕರೆಕ್ಷನ್’. ಬೂದುನೀಲಿ ಹುಬ್ಬಿನ ಮೇಲೆ ಕಿತ್ತಳೆ ಛಾಯೆ, ಕೆಂಪು ಹುಬ್ಬಿನ ಮೇಲೆ ಹಸಿರು ಬೆರೆತ ಛಾಯೆ ಕೊಟ್ಟು ಒಂದನ್ನೊಂದು ಹೊಡೆದುಹಾಕಿಸುವುದು. ಚಿತ್ರಕಲೆ ಓದಿದವರಿಗೆ ಇದು ಮೊದಲ ತರಗತಿಯ ಪಾಠ. ಸಿದ್ಧಾಂತ ಸರಿಯಾಗಿದೆ, ಹಳೆಯ ಪಾಠ ತೆಳುವಾಗಿದ್ದಾಗ ಕೆಲಸವನ್ನೂ ಮಾಡುತ್ತದೆ. ಹಳೆಯದು ಗಟ್ಟಿಯಾಗಿ ತುಂಬಿಕೊಂಡಿದ್ದರೆ ಹೊಸ ಶಾಯಿಗೆ ಜಾಗವೇ ಇಲ್ಲ. ಪದರದ ಮೇಲೆ ಪದರ ಬಿದ್ದು ಹುಬ್ಬು ಹಲಗೆಯಾಗುತ್ತದೆ. ಆಕಾರ ತಪ್ಪಿದ್ದರಂತೂ ಬಣ್ಣದಿಂದ ಏನೂ ಆಗದು. ತಪ್ಪು ಜಾಗದಲ್ಲಿರುವ ಹುಬ್ಬನ್ನು ಮುಚ್ಚಲು ಅದಕ್ಕಿಂತ ದೊಡ್ಡ ಹುಬ್ಬು ಬೇಕು, ಅದನ್ನು ಮುಚ್ಚಲು ಇನ್ನೂ ದೊಡ್ಡದು. ಹಣೆ ಎಂಬುದು ಒಂದು ಹಂತದಲ್ಲಿ ಮುಗಿಯುತ್ತದೆ.

ಎರಡನೆಯದು ಲೇಸರ್ ಶಾಖೆ. ಇದರ ಮೂಲಸೂತ್ರವನ್ನು ಆ್ಯಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಕೊಟ್ಟರು: ತಕ್ಕ ತರಂಗದ ಬೆಳಕನ್ನು ಅತಿ ಸಣ್ಣ ಅವಧಿಗೆ ಬಿಟ್ಟರೆ ಬಣ್ಣದ ಕಣ ಮಾತ್ರ ಕಾದು ಒಡೆಯುತ್ತದೆ, ಸುತ್ತಲಿನ ಚರ್ಮ ಬಹುಮಟ್ಟಿಗೆ ಉಳಿಯುತ್ತದೆ. ಒಡೆದ ಪುಡಿಯನ್ನು ದೇಹದ ಭಕ್ಷಕ ಕೋಶಗಳು ವಾರಗಟ್ಟಲೆ ಸಾಗಿಸುತ್ತವೆ. ಕಪ್ಪು ಶಾಯಿಗೆ, ಅದರಲ್ಲೂ ನಮ್ಮಂಥ ಶ್ಯಾಮಲವರ್ಣದವರಿಗೆ, 1064 ನ್ಯಾನೊಮೀಟರಿನ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಒಪ್ಪುವಂಥದು. ಆದರೆ ಇಲ್ಲೊಂದು ಪವಾಡ ನಡೆಯುತ್ತದೆ, ಅದನ್ನು ಕಂಡವರು ಮರೆಯುವುದಿಲ್ಲ. ಕಬ್ಬಿಣದ ಆಕ್ಸೈಡು, ಟೈಟಾನಿಯಂ ಇರುವ ಕಂದು, ಕೆಂಪು, ಚರ್ಮದ ಬಣ್ಣದ ಶಾಯಿಗೆ ಲೇಸರ್ ಬಿದ್ದ ಗಳಿಗೆಯಲ್ಲೇ ಅದು ರಾಸಾಯನಿಕವಾಗಿ ಮಾರ್ಪಟ್ಟು ಕಡುಗಪ್ಪಾಗಿಬಿಡಬಹುದು. ಅಳಿಸಲು ಹೋದ ಅಕ್ಷರ ಬೋಲ್ಡ್ ಆಗುವ ಏಕೈಕ ಗ್ರಂಥಸಂಪಾದನೆ ಇದು! ಮೊದಲ ಸಂಪಾದಕರು ಚರ್ಮದ ಬಣ್ಣದ ಶಾಯಿ ಬಳಿದು ತಪ್ಪನ್ನು ಮುಚ್ಚಿದ್ದರೆ ಈ ಅಪಾಯ ಇಮ್ಮಡಿ. ಅದಕ್ಕೇ ಅನುಭವಿ ಚರ್ಮವೈದ್ಯರು ಮೊದಲು ಮೂಲೆಯೊಂದರಲ್ಲಿ ಸಣ್ಣ ಚುಕ್ಕೆಯಷ್ಟು ಪ್ರಯೋಗಿಸಿ ಕಾದು ನೋಡುತ್ತಾರೆ. ಕಪ್ಪಾದದ್ದನ್ನು ಮುಂದಿನ ಸುತ್ತುಗಳಲ್ಲಿ ಸಾಮಾನ್ಯವಾಗಿ ತೆಗೆಯಬಹುದು, ಆದರೆ ಮುಂದಿನ ಸುತ್ತಿನವರೆಗೆ ಯಾರ ಎದುರು ಕೂರುವುದು? ಲೇಸರಿನಿಂದ ನಿಜವಾದ ಹುಬ್ಬುಗೂದಲು ಕೆಲಕಾಲ ಬೆಳ್ಳಗಾಗುವುದೂ ಉಂಟು. ಕಣ್ಣಿಗೆ ಲೋಹದ ಕವಚ ಇಡದೆ ಹುಬ್ಬಿನ ಹತ್ತಿರ ಲೇಸರ್ ತರುವವರ ಕುರ್ಚಿಯಿಂದ ಚಪ್ಪಲಿ ಹುಡುಕದೆ ಎದ್ದುಬರಬೇಕು.

ಇದೆಲ್ಲಕ್ಕೆ ಕೈಯಲ್ಲಿ ಕಾಸಿಲ್ಲದವರು ಬೌರಿಂಗ್ ಆಸ್ಪತ್ರೆಯ ಚರ್ಮರೋಗ ವಿಭಾಗದ ಸಾಲಿನಲ್ಲಿ ನಿಲ್ಲಬಹುದು. ಕೆಂಪಾಗಿ, ಕೀವಾಗಿ, ಗಂಟುಗಂಟಾಗಿ ಎದ್ದ ಹುಬ್ಬುಗಳಂತೂ ಬೇರೆ ಯಾವ ಪಂಥವನ್ನೂ ಸೇರದೆ ನೇರ ವೈದ್ಯರ ಬಳಿಗೇ ಹೋಗಬೇಕು. ಅಲ್ಲಿ ತಪ್ಪಿದ್ದು ಆಕಾರವಲ್ಲ. ಅಂದಹಾಗೆ, ಮುಂದೆಂದಾದರೂ ಎಂ.ಆರ್.ಐ. ಮಾಡಿಸಬೇಕಾದರೆ ಈ ಹುಬ್ಬಿನ ವಿಷಯ ಮೊದಲೇ ಹೇಳಿಬಿಡಬೇಕು. ಕಬ್ಬಿಣದ ಶಾಯಿ ಅಪರೂಪಕ್ಕೆ ಅಲ್ಲಿ ಬಿಸಿಯಾಗುತ್ತದೆ.

ನಾಲ್ಕನೆಯದು ಕೆ.ಆರ್. ಪುರ ಪಂಥ. ಇದಕ್ಕೆ ಗುರುವಿಲ್ಲ, ಅಂಗಡಿಯಿಲ್ಲ, ದರಪಟ್ಟಿಯಿಲ್ಲ. ಬೆಳಿಗ್ಗೆ ಎದ್ದು ಟಿನ್ ಫ್ಯಾಕ್ಟರಿ ಸಿಗ್ನಲ್ಲು ದಾಟಿ ಕೆಲಸಕ್ಕೆ ಹೋಗಬೇಕಾದವರಿಗೆ ಹುಬ್ಬಿನ ಚಿಂತೆ ಮಾಡಲು ಪುರುಸೊತ್ತಿಲ್ಲ. ದಪ್ಪ ಚೌಕಟ್ಟಿನ ಕನ್ನಡಕ, ಹಣೆಗಿಳಿದ ಕೂದಲು, ಗಾಡಿಯವರಾದರೆ ಹೆಲ್ಮೆಟ್ಟು, ಅಷ್ಟೇ. ಆಧಾರ್ ಫೋಟೊಗೆ ಹೊಂದುತ್ತದೋ ಇಲ್ಲವೋ ಎಂಬ ಚಿಂತೆಯೂ ಅವರಿಗಿಲ್ಲ, ಆ ಫೋಟೊದಲ್ಲಿ ಯಾರು ತಾನೇ ತಮ್ಮಂತೆ ಇದ್ದಾರೆ? ಸಂಕೋಚದಿಂದಲೇ ಘೋಷಿಸುತ್ತೇವೆ: ಫಲಿತಾಂಶದಲ್ಲಿ ಈ ಪಂಥವೇ ಮಿಕ್ಕ ಮೂರನ್ನೂ ಸೋಲಿಸಿದೆ.

ಸಂಪಾದಕನ ಮೌನ

ಏಕೆಂದು ವಿವರಿಸಬೇಕು. ಹೊಸದಾಗಿ ಕೊರೆಸಿದ ಹುಬ್ಬಿಗೆ ತನ್ನದೇ ಪಂಚಾಂಗವಿದೆ. ಮೊದಲ ನಾಲ್ಕೈದು ದಿನ ಅದು ಕಪ್ಪಾಗಿ, ದಪ್ಪವಾಗಿ, ಯಕ್ಷಗಾನದ ಬಣ್ಣದ ವೇಷದ ಕಡೆಗೆ ವಾಲಿರುತ್ತದೆ. ಆಮೇಲೆ ಚಕ್ಕೆ ಏಳುತ್ತದೆ, ಅಲ್ಲಲ್ಲಿ ಬೋಳಾಗುತ್ತದೆ. ಎರಡನೇ ವಾರದ ಹೊತ್ತಿಗೆ ಬಣ್ಣವೆಲ್ಲ ಹೋಯಿತೆಂದೇ ಕಾಣುತ್ತದೆ. ಮೇಲೆ ಹೊಸ ಚರ್ಮದ ಮಬ್ಬುಪರದೆ ಬಂದಿರುವುದರಿಂದ ಹಾಗೆ ಕಾಣುವುದು. ಅದು ತಿಳಿಯಾದಂತೆ ನಾಲ್ಕರಿಂದ ಆರು ವಾರದಲ್ಲಿ ನಿಜವಾದ ಪಾಠ ಹೊರಬರುತ್ತದೆ. ಟಚ್‌ಅಪ್ಪಿಗೆ ಆರರಿಂದ ಎಂಟು ವಾರ ಬಿಟ್ಟು ಬನ್ನಿ ಎನ್ನುವುದು ಇದಕ್ಕೇ.

ಈಗ ಗಿರಾಕಿಯ ಪಂಚಾಂಗ ನೋಡಿ. ಮೂರನೇ ದಿನ: ‘ಅಯ್ಯೋ ಕಪ್ಪು ಜಾಸ್ತಿಯಾಯ್ತು.’ ಎಂಟನೇ ದಿನ: ‘ಅಯ್ಯೋ ಎಲ್ಲ ಹೊರಟೋಯ್ತು.’ ಮುಂದಿನ ಭಾನುವಾರ ನಾದಿನಿಯ ನಿಶ್ಚಿತಾರ್ಥ. ಮೂರನೇ ದಿನ ಹೋದವರಿಗೆ ಒಬ್ಬರು ಏನನ್ನೋ ಹಚ್ಚಿ ತಿಕ್ಕುತ್ತಾರೆ, ಎಂಟನೇ ದಿನ ಹೋದವರಿಗೆ ಇನ್ನೊಬ್ಬರು ವಾಸಿಯಾಗದ ಗಾಯದ ಮೇಲೆ ಮತ್ತೊಂದು ಸುತ್ತು ಕೊರೆಯುತ್ತಾರೆ. ನಾವು ಪರಿಶೀಲಿಸಿದ ನಿರಾಶಾದಾಯಕ ಹುಬ್ಬುಗಳಲ್ಲಿ ಮೊದಲ ಲಿಪಿಕಾರರ ಕೈಯಲ್ಲೇ ಕೆಟ್ಟವು ಕಡಿಮೆ. ಅವಸರದ ಎರಡನೇ ಆವೃತ್ತಿಯಲ್ಲಿ ಕೆಟ್ಟವೇ ಹೆಚ್ಚು. ಕೆ.ಆರ್. ಪುರದವರಿಗೆ ಅವಸರಪಡಲು ಸಮಯ ಸಿಗಲಿಲ್ಲ. ಆರು ವಾರ ಕಳೆದು ನೋಡಿದಾಗ ಅರ್ಧದಷ್ಟು ತಪ್ಪುಗಳು ತಪ್ಪುಗಳಾಗಿಯೇ ಉಳಿದಿರಲಿಲ್ಲ. ಉಳಿದದ್ದಕ್ಕೆ ಏನು ಬೇಕು, ಉಪ್ಪೋ ಬಣ್ಣವೋ ಬೆಳಕೋ, ಎಂಬುದು ಸ್ಪಷ್ಟವಾಗಿತ್ತು.

ತಿದ್ದುವ ಮುನ್ನ ಓದು, ಓದುವ ಮುನ್ನ ಒಣಗಲು ಬಿಡು ಎಂಬ ಈ ಚಿಕಿತ್ಸೆಗೆ ಒಂದೇ ಕೊರತೆ. ಇದಕ್ಕೆ ಬಿಲ್ಲು ಹಾಕಲು ಬರುವುದಿಲ್ಲ. ಆರು ವಾರ ಸುಮ್ಮನಿರುವುದಕ್ಕೆ ಜಿ.ಎಸ್.ಟಿ. ಎಷ್ಟು ಎಂಬುದು ಯಾವ ದರಪಟ್ಟಿಯಲ್ಲೂ ಇಲ್ಲ. ಅದಕ್ಕಾಗಿಯೇ ಶಿವಾಜಿನಗರದಿಂದ ಇಂದಿರಾನಗರದವರೆಗೆ ಯಾವ ಆಚಾರ್ಯರೂ ಇದನ್ನು ಬೋಧಿಸುವುದಿಲ್ಲ.

ಮೈಸೂರಿನಲ್ಲಿ 1891ರಲ್ಲೇ ಓಲೆಗರಿಗಳಿಗೆಂದು ಪ್ರಾಚ್ಯ ಗ್ರಂಥಾಲಯ ತೆರೆದರು, ಅಲ್ಲಿಯೇ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. ಹುಬ್ಬುಗಳಿಗೂ ಇಂಥದೊಂದು ಭಂಡಾರ ಬೇಕು, ಕಾರಣ ಈ ಕ್ಷೇತ್ರದಲ್ಲಿ ಸಿಗುವ ಆಕರಗಳೆಲ್ಲ ಒಂದೇ ಕಾಲದವು. ಅಂಗಡಿಯ ಗೋಡೆಯ ಮೇಲಿನ ‘ಮೊದಲು’, ‘ನಂತರ’ ಚಿತ್ರಗಳನ್ನು ಗಮನಿಸಿ. ‘ನಂತರ’ ಎಂಬುದು ಕುರ್ಚಿಯಿಂದ ಏಳುವ ಮುನ್ನ ತೆಗೆದದ್ದು: ಗೆರೆ ಹರಿತ, ಶಾಯಿ ಹಸಿ, ಸುತ್ತ ಚರ್ಮ ಇನ್ನೂ ಕೆಂಪು. ನಾಲ್ಕು ವಾರದ ನಂತರ, ವರ್ಷದ ನಂತರ ಏನಾಯಿತೆಂಬುದಕ್ಕೆ ಚಿತ್ರಸಾಕ್ಷ್ಯವಿಲ್ಲ. ಸಂಶೋಧನೆಯ ಈ ಕಂದಕವನ್ನು ತುಂಬುವ ಉದ್ದೇಶದಿಂದ ನಾವು ಅತ್ತಿಗೆಯನ್ನು ಮುಂದಿಟ್ಟುಕೊಂಡು ಒಂದು ಅಂಗಡಿಯ ಮೆಟ್ಟಿಲು ಹತ್ತಿ, ವಾಸಿಯಾದ ಹುಬ್ಬುಗಳ ಫೋಟೊ ತೋರಿಸಬೇಕೆಂದು ವಿನಂತಿಸಿದೆವು.

ಕೌಂಟರಿನ ಹುಡುಗಿ ಆಲ್ಬಮ್ ತಿರುವಿದಳು, ಕಂಪ್ಯೂಟರ್ ನೋಡಿದಳು, ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು.

‘ಅದಿಲ್ಲ ಸಾರ್,’ ಎಂದಳು, ‘ಒಂದ್ಸಲ ಮಾಡಿಸ್ಕೊಂಡು ಹೋದೋರು ವಾಪಸ್ಸೇ ಬರಲ್ಲ. ಅಷ್ಟು ಹ್ಯಾಪಿಯಾಗಿರ್ತಾರೆ.’